ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬರುವವರ ಸುರಕ್ಷತೆ ಮತ್ತು ಸೌಕರ್ಯ ಕುರಿತ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉಡುಪಿ ಜಿಲ್ಲೆ.

ಇವರಿಂದ,
ಮೈಸೂರಿನಿಂದ ಪ್ರವಾಸ ಬಂದಿದ್ದ 23 ಮಂದಿ
(ಸಹಿಗಳ ಪಟ್ಟಿ ಲಗತ್ತಿಸಿದೆ)

ವಿಷಯ: ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರು ಬೋಟು ಹತ್ತಿ ಇಳಿಯಲು, ದ್ವೀಪದಲ್ಲಿ ನಡೆದಾಡಲು ಮತ್ತು ಮುಂಚಿತವಾಗಿ ಮಾಹಿತಿ ಪಡೆಯಲು ವ್ಯವಸ್ಥೆ ಮಾಡಿಕೊಡುವ ಬಗ್ಗೆ.

ಮಾನ್ಯರೇ,

ಕಳೆದ ಜನವರಿಯಲ್ಲಿ ನಾವು ಶ್ರೀಕೃಷ್ಣ ಮಠದ ದರ್ಶನ ಮುಗಿಸಿಕೊಂಡು ಮಲ್ಪೆಗೆ ಬಂದು, ಅಲ್ಲಿಂದ ದ್ವೀಪಕ್ಕೆ ಹೋಗಿದ್ದೆವು. ನಮ್ಮಲ್ಲಿ ಒಂಬತ್ತು ಮಂದಿ ಅರವತ್ತು ದಾಟಿದವರು. ಒಬ್ಬರಿಗೆ ಚಿಕ್ಕಂದಿನಲ್ಲಿ ಬಂದ ಪೋಲಿಯೋದಿಂದ ಒಂದು ಕಾಲಿಗೆ ಶಕ್ತಿಯಿಲ್ಲ. ಈ ಪತ್ರ ಬರೆಯುತ್ತಿರುವ ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು. ಆ ದ್ವೀಪವನ್ನು ಪಾಠದಲ್ಲಿ ಹೇಳಿದ್ದೆನೇ ಹೊರತು ಕಣ್ಣಾರೆ ನೋಡಿರಲಿಲ್ಲ. ನೋಡಿ ಬಂದ ಮೇಲೆ ಸುಮ್ಮನಿರಲಾಗದೆ ತಮಗೆ ಬರೆಯುತ್ತಿದ್ದೇನೆ.

ದೊಡ್ಡ ಬೋಟು ದ್ವೀಪದ ಹತ್ತಿರ ಬಂದು ನಿಂತಿತು. ಅಲ್ಲಿಂದ ಸಣ್ಣ ದೋಣಿಗೆ ದಾಟಬೇಕು, ದೋಣಿಯಿಂದ ನೀರಿಗಿಳಿದು ದಡಕ್ಕೆ ನಡೆಯಬೇಕು. ತೆರೆ ಬಂದಾಗಲೆಲ್ಲ ದೋಣಿ ಮೇಲೇಳುತ್ತದೆ, ಕೆಳಗಿಳಿಯುತ್ತದೆ. ಅದು ಮೇಲೆದ್ದ ಕ್ಷಣವನ್ನೇ ನೋಡಿಕೊಂಡು ಕಾಲಿಡಬೇಕು. ಹುಡುಗರಿಗೆ ಅದು ಆಟ, ಮಂಡಿನೋವಿನವರಿಗೆ ಜೀವ ಕೈಯಲ್ಲಿ ಹಿಡಿದ ಹಾಗೆ. ದೋಣಿಯ ಹುಡುಗರಿಬ್ಬರು ನಮ್ಮ ಹಿರಿಯರನ್ನು ತಮ್ಮ ಮನೆಯವರೆಂಬಂತೆ ಕೈಹಿಡಿದು ಇಳಿಸಿದರು, ಅವರ ಋಣ ನಮ್ಮ ಮೇಲಿದೆ. ಆದರೂ ಕಾಲಿಗೆ ಶಕ್ತಿಯಿಲ್ಲದ ನಮ್ಮ ಗೆಳೆಯರು ಬೋಟಿನಲ್ಲೇ ಉಳಿದರು. ನಾವು ತಿರುಗಿ ಬರುವವರೆಗೆ ಅವರು ಕಂಬಿ ಹಿಡಿದು ದ್ವೀಪದ ಕಡೆಗೇ ನೋಡುತ್ತಾ ಕುಳಿತಿದ್ದರು. ಅವರೂ ನಮ್ಮಷ್ಟೇ ದುಡ್ಡು ಕೊಟ್ಟು ಟಿಕೆಟ್ ಪಡೆದವರು. ಅಂಗವಿಕಲರ ಹಕ್ಕುಗಳ ಕಾಯ್ದೆ 2017ರಲ್ಲೇ ಜಾರಿಗೆ ಬಂದಿದ್ದರೂ ಅವರಿಗೆ ದ್ವೀಪಕ್ಕೆ ಇಳಿಯಲಾಗಲಿಲ್ಲ.

ಆದ್ದರಿಂದ ನಮ್ಮ ಮೊದಲ ಮತ್ತು ಮುಖ್ಯ ಬೇಡಿಕೆ ಇಳಿಯುವ ಜಾಗದ್ದು. ಕರಾವಳಿಯತ್ತ ಮುಖಮಾಡಿರುವ ದ್ವೀಪದ ಪೂರ್ವದ ಮಗ್ಗುಲಲ್ಲಿ ತೆರೆಯ ಹೊಡೆತ ಕಡಿಮೆ. ಅಲ್ಲಿ ಬೇಕಾದಾಗ ಜೋಡಿಸಿ, ಮಳೆಗಾಲಕ್ಕೆ ಮುಂಚೆ ಬಿಚ್ಚಿ ತೆಗೆಯಬಹುದಾದ ತೇಲುಧಕ್ಕೆಯೊಂದನ್ನು ಮಾಡಿಸಬೇಕು. 2022ರ ಮೇ ತಿಂಗಳಲ್ಲಿ ಮಲ್ಪೆ ಕಡಲತೀರದ ತೇಲುಸೇತುವೆ ಅಬ್ಬರದ ಅಲೆಗೆ ಸಿಕ್ಕಿ ಹಾಳಾದದ್ದು ನಮಗೂ ಗೊತ್ತು. ಅದಕ್ಕಾಗಿಯೇ ಜಾಗವನ್ನೂ ತಿಂಗಳನ್ನೂ ಮೊಗವೀರ ಹಿರಿಯರನ್ನು ಕೇಳಿ ಗೊತ್ತುಮಾಡಬೇಕು ಎಂದು ಕೋರುತ್ತೇವೆ. ಯಾವ ಗಾಳಿಗೆ ನೀರು ಎತ್ತ ತಿರುಗುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಹೊರಗಿನಿಂದ ಬಂದ ಗುತ್ತಿಗೆದಾರರಿಗೆ ಗೊತ್ತಿರುವುದಿಲ್ಲ. ಧಕ್ಕೆ ಆಗುವವರೆಗೆ ಕನಿಷ್ಠ ಕೈಗಂಬಿಯಿರುವ ಏಣಿಮೆಟ್ಟಿಲು, ನಡೆಯಲಾಗದವರನ್ನು ಕೂರಿಸಿ ಎತ್ತಿ ಇಳಿಸುವ ಕುರ್ಚಿ, ಅದಕ್ಕೆ ತರಬೇತಾದ ಇಬ್ಬರು ಆಳು ಬೇಕು.

ಎರಡನೆಯದು ಉಬ್ಬರ ಇಳಿತದ ಮಾಹಿತಿ. ದಿನಕ್ಕೆ ಎರಡು ಸಲ ನೀರೇರುತ್ತದೆ, ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ಭಾನುವಾರ ಹತ್ತು ಗಂಟೆಗೆ ಉಬ್ಬರವಿದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ಇಳಿತ. ಮೀನುಗಾರರ ಮಕ್ಕಳಿಗೂ ಗೊತ್ತಿರುವ ಈ ಲೆಕ್ಕ ಮೈಸೂರು, ಹಾಸನ, ಕಲಬುರಗಿಯಿಂದ ಬಂದವರಿಗೆ ಗೊತ್ತಿಲ್ಲ. ಬಂದಾಗ ಒಣಗಿದ್ದ ಬಂಡೆ ಒಂದೆರಡು ಗಂಟೆಯಲ್ಲಿ ಒದ್ದೆಯಾಗಿ, ಪಾಚಿಯ ಮೇಲೆ ಕಾಲು ಜಾರಿದಾಗಲೇ ಅವರಿಗೆ ತಿಳಿಯುವುದು. ನಮ್ಮ ಕಣ್ಣೆದುರೇ ಫೋಟೊಗೆಂದು ಬಂಡೆಯ ತುದಿಗೆ ಹೋದ ಯುವಕನೊಬ್ಬ ಜಾರಿ ಬಿದ್ದು ಮೊಣಕೈ ಸೀಳಿಕೊಂಡ. ಇನ್ನೆರಡು ಹೆಜ್ಜೆ ಆಚೆ ಹೋಗಿದ್ದರೆ ಬರೀ ಮೊಣಕೈಗೆ ಮುಗಿಯುತ್ತಿರಲಿಲ್ಲ. ಆ ದಿನದ ಉಬ್ಬರ ಇಳಿತದ ಹೊತ್ತನ್ನೂ, ಹೈದರಾಬಾದಿನ ಇನ್ಕಾಯಿಸ್ ಕೇಂದ್ರ ಕೊಡುವ ಎತ್ತರದ ಅಲೆಗಳ ಎಚ್ಚರಿಕೆಯನ್ನೂ ಟಿಕೆಟ್ ಕೊಡುವಲ್ಲಿ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಿಸಬೇಕು. ಅಪಾಯದ ಬಂಡೆಗಳಿಗೆ ಹಗ್ಗ ಕಟ್ಟಿ ಕೆಂಪು ಬಾವುಟ ನೆಡಬೇಕು. ಅಲ್ಲಿನ ಕಾವಲಿನವರು ಸೀಟಿ ಊದಿ ಊದಿ ಸುಸ್ತಾಗಿದ್ದರು, ಜನ ಹೆಚ್ಚು ಬರುವ ದಿನಗಳಲ್ಲಾದರೂ ಅವರ ಸಂಖ್ಯೆ ಹೆಚ್ಚಾಗಬೇಕು.

ಇನ್ನು ಆ ಬಂಡೆಗಳ ವಿಷಯ. ಲಾವಾರಸ ತಣಿಯುತ್ತಾ ಕುಗ್ಗಿ, ಬಿರುಕು ಬಿಟ್ಟು, ಐದು ಮೂಲೆ ಆರು ಮೂಲೆಯ ಕಂಬಗಳಾಗಿ ನಿಂತಿರುವುದು ಅಲ್ಲಿ ಕಾಣುತ್ತದೆ. ಕೆಲವು ಕಂಬಗಳು ಸುಮಾರು 6 ಮೀಟರ್ ಎತ್ತರ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಗುರುತು ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ನಮ್ಮ ಜೊತೆ ಅದೇ ಬೋಟಿನಲ್ಲಿ ಬಂದಿದ್ದ ಹಲವರು ಇದೊಂದೂ ತಿಳಿಯದೆ, ಕಂಬದ ಮೇಲೆ ಕಲ್ಲಿನಿಂದ ಹೆಸರು ಗೀಚಿ, ಚಿಪ್ಪು ಆರಿಸಿ ಚೀಲ ತುಂಬಿಕೊಂಡು ಹೊರಟರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಹೇಳುವವರು ಒಬ್ಬರಿದ್ದಿದ್ದರೆ ಅವರು ಹಾಗೆ ಮಾಡುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ನಾನೇ ಹತ್ತು ನಿಮಿಷ ನಿಂತು ಮಡಗಾಸ್ಕರಿನ ಕಥೆ ಹೇಳಿದಾಗ ಗೀಚುತ್ತಿದ್ದ ಹುಡುಗನೊಬ್ಬ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟು ಕೇಳಿದ. ಮಲ್ಪೆಯ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ದ್ವೀಪದ ಮಾರ್ಗದರ್ಶಿಗಳಾಗಿ ನೇಮಿಸಬೇಕು. ಪ್ರತಿ ತಂಡಕ್ಕೂ ಒಬ್ಬರಿದ್ದು, ಇಂತಿಷ್ಟೇ ದಾರಿ, ಇಂತಿಷ್ಟೇ ಹೊತ್ತು ಎಂದು ಕರೆದುಕೊಂಡು ತಿರುಗಿಸಬೇಕು. ನಾವು ಸುತ್ತಾಡುವ ಆ ದ್ವೀಪದ ಉದ್ದ ಸುಮಾರು 500 ಮೀಟರ್, ಅಷ್ಟು ದೂರವನ್ನು ನಿಧಾನವಾಗಿ ನಡೆದರೂ ಹೆಚ್ಚು ಹೊತ್ತು ಬೇಕಿಲ್ಲ.

ಸೌಕರ್ಯದ ಹೆಸರಿನಲ್ಲಿ ಕಂಬಗಳ ಮೇಲೆ ಕಾಂಕ್ರೀಟು ಹಾಕುವುದು, ಅವನ್ನು ಒಡೆದು ಮೆಟ್ಟಿಲು ಮಾಡುವುದು ಮಾತ್ರ ಬೇಡವೇ ಬೇಡ. ಕಲ್ಲಿಗೆ ಮೊಳೆ ಹೊಡೆಯದೆ ಇಡಬಹುದಾದ ಮರದ ಹಲಗೆಯ ಕಾಲುದಾರಿ ಸಾಕು.

ಮಳೆಗಾಲದಲ್ಲಿ ಬೋಟು ಓಡುವುದಿಲ್ಲ ಎಂಬುದು ತಿಳಿಯದೆ ದೂರದಿಂದ ಬಂದು ಮರಳುವವರು ಪ್ರತಿ ವರ್ಷ ಇರುತ್ತಾರೆ. ಉಡುಪಿಯ ಬಸ್ ನಿಲ್ದಾಣ, ಇಂದ್ರಾಳಿಯ ರೈಲು ನಿಲ್ದಾಣ ಮತ್ತು ಮಠದ ಸುತ್ತಮುತ್ತ "ಇಂದು ಬೋಟು ಇದೆ" ಅಥವಾ "ಇಂದು ಬೋಟು ಇಲ್ಲ" ಎಂಬ ಫಲಕವನ್ನು ಬೆಳಿಗ್ಗೆಯೇ ಹಾಕಿಸಿದರೆ ಅವರಿಗೆಲ್ಲ ಉಪಕಾರವಾಗುತ್ತದೆ. ಕೊನೆಯ ಬೋಟಿನ ಹೊತ್ತು, ದರ ಮತ್ತು ದ್ವೀಪದಲ್ಲಿ ಕಳೆಯಬಹುದಾದ ಸಮಯ ಟಿಕೆಟಿನ ಮೇಲೆ ಅಚ್ಚಾಗಿರಬೇಕು. ದಡದಲ್ಲೂ ದ್ವೀಪದಲ್ಲೂ ಕುಡಿಯುವ ನೀರು ತುಂಬಿಸಿಕೊಳ್ಳುವ ನಲ್ಲಿ ಅಥವಾ ಡ್ರಮ್ ಇಟ್ಟರೆ ಬಾಟಲಿಗಳ ರಾಶಿ ತಾನಾಗಿ ಕಡಿಮೆಯಾಗುತ್ತದೆ.

ಮಳೆಗಾಲ ಕಳೆದು ಬೋಟುಗಳು ಮತ್ತೆ ಹೊರಡುವ ಮುನ್ನ ಮಾಹಿತಿ ಫಲಕ, ಕುರ್ಚಿ, ಹಗ್ಗ, ಬಾವುಟ ಇವಿಷ್ಟನ್ನಾದರೂ ಮಾಡಿಸಿ, ಧಕ್ಕೆ ಮತ್ತು ಮಾರ್ಗದರ್ಶಿಗಳ ಬಗ್ಗೆ ತೆಗೆದುಕೊಂಡ ತೀರ್ಮಾನವನ್ನು ನಮಗೆ ಬರಹದಲ್ಲಿ ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ. ಬೋಟಿನಲ್ಲೇ ಉಳಿದಿದ್ದ ನಮ್ಮ ಗೆಳೆಯರು ಮುಂದಿನ ಜನವರಿಗೆ ಮತ್ತೆ ಬರುವುದೆಂದು ನಿಶ್ಚಯಿಸಿದ್ದಾರೆ. ಲಗತ್ತಿಸಿರುವ ಪಟ್ಟಿಯಲ್ಲಿ ಮೊದಲ ಸಹಿ ಅವರದೇ.



ತಮ್ಮ ವಿಶ್ವಾಸಿಗಳು,
ಮನವಿದಾರರ ಪರವಾಗಿ,
ನಿವೃತ್ತ ಭೂಗೋಳ ಶಿಕ್ಷಕ, ಮೈಸೂರು