ಮನೆಯಂಗಳದಲ್ಲೇ ಎಂಜಿನ್ ತಿದ್ದುವ ವಿದ್ಯೆ

ಮುಂಗಾರು ಹತ್ತಿರವಾಯಿತೆಂದರೆ ಶಿವಮೊಗ್ಗ ಜಿಲ್ಲೆಯ ಅಡಿಕೆ ತೋಟಗಳಲ್ಲಿ ಔಷಧಿ ಹೊಡೆಯುವ ಸಂಭ್ರಮ. ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಕೊಳೆರೋಗ ಬರುವ ಮೊದಲೇ ಗೊನೆಗಳಿಗೆ ತಲುಪಿಸಬೇಕು. ಹಿಂದೆ ಇದಕ್ಕೆ ಇಬ್ಬರು ನಿಂತು ಕೈಯಿಂದ ತಳ್ಳುವ ಗಟಾರ್ ಪಂಪು ಇತ್ತು. ಆಮೇಲೆ ಪುಟ್ಟ ಎಂಜಿನ್ ಬಂತು. ಅನೇಕ ಮನೆಗಳ ಕೊಟ್ಟಿಗೆಯ ಮೂಲೆಯಲ್ಲಿ ಇಂದಿಗೂ ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವ ಹಳೆಯ ಎಂಜಿನ್ ಒಂದು ಕುಳಿತಿರುತ್ತದೆ. ಪಡಿತರದ ಸೀಮೆಎಣ್ಣೆ ಈಗ ಮೊದಲಿನಂತೆ ಸಿಗುವುದಿಲ್ಲ. ಹಾಗಾಗಿ ಅದೇ ಎಂಜಿನ್ನಿಗೆ ಪೂರ್ತಿ ಪೆಟ್ರೋಲನ್ನೇ ಹಾಕುತ್ತಾರೆ. ಎಂಜಿನ್ ಓಡುತ್ತದೆ, ಆದರೆ ಪೆಟ್ರೋಲು ಕೊಡಬಹುದಾದಷ್ಟು ಕೆಲಸವನ್ನು ಕೊಡುವುದಿಲ್ಲ. ಏಕೆ?

ಉತ್ತರ ಸಂಪೀಡನ ಅನುಪಾತದಲ್ಲಿದೆ. ಪಿಸ್ಟನ್ ಕೆಳಗಿರುವಾಗ ಸಿಲಿಂಡರಿನೊಳಗೆ ಇರುವ ಒಟ್ಟು ಜಾಗವನ್ನು, ಪಿಸ್ಟನ್ ತುದಿಗೆ ಬಂದಾಗ ಉಳಿಯುವ ಜಾಗದಿಂದ ಭಾಗಿಸಿದರೆ ಬರುವುದೇ ಈ ಅನುಪಾತ. ಸೀಮೆಎಣ್ಣೆಯ ಆಕ್ಟೇನ್ ಸಂಖ್ಯೆ ಬಹಳ ಕಡಿಮೆ. ಹೆಚ್ಚು ಒತ್ತಿದರೆ ಅದು ಕ್ರಮವಾಗಿ ಉರಿಯದೆ ಒಮ್ಮೆಲೇ ಸಿಡಿದು ಎಂಜಿನ್ನಿನಲ್ಲಿ 'ಟಕಟಕ' ಬಡಿತ ಹುಟ್ಟಿಸುತ್ತದೆ. ಆದ್ದರಿಂದ ಇಂಥ ಎಂಜಿನ್ನುಗಳನ್ನು ಕಡಿಮೆ ಅನುಪಾತಕ್ಕೇ ಕಟ್ಟಿರುತ್ತಾರೆ. ಈಗಿನ ಪೆಟ್ರೋಲಿನ ಆಕ್ಟೇನ್ ಸಂಖ್ಯೆಯಾದರೋ ಕನಿಷ್ಠ 91. ಅದು ಇನ್ನೂ ಹೆಚ್ಚಿನ ಒತ್ತಡವನ್ನು ತಾಳಬಲ್ಲದು.

ಹಾಗಾದರೆ ಹೆಡ್ಡಿನ ಅಡಿಭಾಗವನ್ನು ಸ್ವಲ್ಪ ತೆಳುವಾಗಿಸಿ ಒಳಗಿನ ಜಾಗವನ್ನು ಕಿರಿದು ಮಾಡಬಹುದಲ್ಲವೆ? ಮಾಡಬಹುದು. ಆದರೆ ಅರ ಹಿಡಿಯುವ ಮೊದಲು ಪೆನ್ಸಿಲ್ ಹಿಡಿಯಬೇಕು.

ಲೆಕ್ಕ ಮೊದಲು

ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ಇಂಥ ಎಂಜಿನ್ ಬಿಚ್ಚಿದನೆನ್ನಿ. ಸಿಲಿಂಡರಿನ ಒಳವ್ಯಾಸ 60 ಮಿ.ಮೀ., ಪಿಸ್ಟನ್ ಚಲಿಸುವ ದೂರ 56 ಮಿ.ಮೀ. ಎಂದಿಟ್ಟುಕೊಳ್ಳೋಣ. ಸಿಲಿಂಡರಿನ ಗಾತ್ರದ ಸೂತ್ರ ಅವನಿಗೆ ಗೊತ್ತು. ಸುಮಾರು 158 ಘನ ಸೆಂ.ಮೀ. ಬರುತ್ತದೆ. ಮೇಲೆ ಉಳಿಯುವ ಜಾಗವನ್ನು ಅಳೆಯಲು ಯಾವ ದುಬಾರಿ ಉಪಕರಣವೂ ಬೇಡ, ಔಷಧಿ ಅಂಗಡಿಯ ಸಿರಿಂಜ್ ಸಾಕು. ಎಂಜಿನ್ ಮುಚ್ಚಿರುವಾಗಲೇ ಎರಡೂ ವಾಲ್ವು ಮುಚ್ಚಿರುವಂತೆ ಪಿಸ್ಟನ್ನನ್ನು ಮೇಲಿನ ತುದಿಗೆ ತಂದು, ಪ್ಲಗ್ಗಿನ ತೂತು ಎಲ್ಲಕ್ಕಿಂತ ಮೇಲಿರುವಂತೆ ಎಂಜಿನ್ನನ್ನು ಓರೆಮಾಡಿ, ತೆಳುವಾದ ಎಣ್ಣೆಯನ್ನು ಅಳೆದಳೆದು ತೂತಿನ ಮರೆಯ ಕೆಳಗಿನ ಸುತ್ತಿನವರೆಗೆ ತುಂಬಬೇಕು. 39.6 ಮಿ.ಲೀ. ಹಿಡಿಯಿತೆಂದರೆ ಅನುಪಾತ 5.

ಇದನ್ನು 5.5ಕ್ಕೆ ಏರಿಸಬೇಕಾದರೆ ಉಳಿಯುವ ಜಾಗ 35.2 ಮಿ.ಲೀ. ಆಗಬೇಕು. ಅಂದರೆ 4.4 ಮಿ.ಲೀ. ಕಡಿಮೆ. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರುವ ಎಂಜಿನ್ನಿನಲ್ಲಿ ಹೆಡ್ಡಿನ ಒಳಗುಣಿ ಅವುಗಳ ಮೇಲೂ ಹರಡಿರುತ್ತದೆ. ಅದರ ವಿಸ್ತೀರ್ಣ 44 ಚದರ ಸೆಂ.ಮೀ. ಇದ್ದರೆ ತೆಗೆಯಬೇಕಾದ ದಪ್ಪ ಸರಿಯಾಗಿ 1 ಮಿ.ಮೀ.

ಲಾಭವೆಷ್ಟು? ಆದರ್ಶ ಎಂಜಿನ್ನಿನ ಸೂತ್ರದಂತೆ ದಕ್ಷತೆ ಶೇ. 47.5ರಿಂದ ಶೇ. 49.4ಕ್ಕೆ ಏರುತ್ತದೆ. ನಿಜವಾದ ಎಂಜಿನ್ನುಗಳ ದಕ್ಷತೆ ಇದಕ್ಕಿಂತ ಬಹಳ ಕಡಿಮೆ. ಏರಿಕೆಯ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಅಷ್ಟೇ: ಅದೇ ಪೆಟ್ರೋಲಿಗೆ ನೂರಕ್ಕೆ ನಾಲ್ಕರಷ್ಟು ಹೆಚ್ಚು ಕೆಲಸ. ಲೀಟರಿಗೆ ಸುಮಾರು 40 ಮಿ.ಲೀ. ಉಳಿತಾಯವೆನ್ನಬಹುದು. ಎಂಜಿನ್ ಹುಲಿಯಾಗಿಬಿಡುತ್ತದೆ ಎಂದು ನಂಬಿದವನಿಗೆ ಈ ಅಂಕಿ ನಿರಾಸೆ ತರಬಹುದು. ಆದರೆ ಲೆಕ್ಕ ಹೇಳುವುದು ಇಷ್ಟನ್ನೇ.

ಗಾಜೇ ಯಂತ್ರ

ಒಂದು ಮಿಲಿಮೀಟರ್ ಎಂದರೆ ಕೈಕೆಲಸಕ್ಕೆ ದೊಡ್ಡ ದಪ್ಪ. ಅದರ ಬಹುಪಾಲನ್ನು ಲೇತಿನಲ್ಲಿ ತೆಗೆಸುವುದೇ ಜಾಣತನ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಸುತ್ತಾಡಿದರೆ ಇಂಥ ಕೆಲಸ ಬಲ್ಲ ಟರ್ನರುಗಳಿಗೆ ಬರವಿಲ್ಲ. ಕೊನೆಯ ಹತ್ತನೆಯ ಒಂದು ಮಿಲಿಮೀಟರನ್ನು ಮಾತ್ರ ಮನೆಯಲ್ಲೇ ತೆಗೆಯಬಹುದು. ಇದಕ್ಕೆ ಬೇಕಾದದ್ದು ದಪ್ಪ ಗಾಜಿನ ಹಲಗೆ, ನೀರಿನಲ್ಲಿ ಉಜ್ಜುವ ಎಮರಿ ಕಾಗದ ಮತ್ತು ತಾಳ್ಮೆ. ಗಾಜು ಸಾಮಾನ್ಯ ಮರದ ಹಲಗೆಗಿಂತ ಎಷ್ಟೋ ಸಮತಟ್ಟು. ಅದರ ಮೇಲೆ ಕಾಗದ ಹಾಸಿ, ಹೆಡ್ಡನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಉಜ್ಜಬೇಕು. ಹತ್ತು ಸಲ ಉಜ್ಜಿದ ಮೇಲೆ ಕಾಲು ಸುತ್ತು ತಿರುಗಿಸಬೇಕು. ಇಲ್ಲವಾದರೆ ಕೈಯ ಭಾರ ಬೀಳುವ ಕಡೆ ಹೆಚ್ಚು ಸವೆಯುತ್ತದೆ. ನಡುನಡುವೆ ಗಾಜಿಗೆ ತೆಳುವಾಗಿ ನೀಲಿ ಬಣ್ಣ ಹಚ್ಚಿ ಹೆಡ್ಡನ್ನು ಒತ್ತಿದರೆ ಉಬ್ಬಿದ ಕಡೆ ಮಾತ್ರ ಬಣ್ಣ ಅಂಟುತ್ತದೆ. ಎಲ್ಲೆಡೆ ಒಂದೇ ಸಮ ಅಂಟಿದಾಗ ಕೆಲಸ ಮುಗಿಯಿತು.

ಜೋಡಿಸುವ ಮೊದಲು ಇನ್ನೊಂದು ಪರೀಕ್ಷೆ. ಪಿಸ್ಟನ್ನಿನ ತಲೆಯ ಮೇಲೂ ವಾಲ್ವುಗಳ ಮೇಲೂ ಜೇಡಿಮಣ್ಣಿನ ಉಂಡೆಗಳನ್ನಿಟ್ಟು, ಹೆಡ್ಡು ಬಿಗಿದು, ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಬೇಕು. ಬಿಚ್ಚಿ ನೋಡಿದಾಗ ಚಪ್ಪಟೆಯಾದ ಮಣ್ಣು ಎಲ್ಲೂ 1 ಮಿ.ಮೀ.ಗಿಂತ ತೆಳುವಾಗಿರಬಾರದು. ಓಡುವಾಗ ಲೋಹಕ್ಕೆ ಲೋಹ ಬಡಿದರೆ ಅಲ್ಲಿಗೆ ಎಂಜಿನ್ನಿನ ಕತೆ ಮುಗಿದಂತೆ.

ಬೆಂಕಿಪುರದ ಕಬ್ಬಿಣ

ಎಂಜಿನ್ ಬಿಚ್ಚಿದವನು ಇನ್ನೊಂದನ್ನೂ ಗಮನಿಸುತ್ತಾನೆ. ಹೆಡ್ಡು ಹಗುರವಾದ ಅಲ್ಯುಮಿನಿಯಮ್ಮಿನದಾಗಿರಬಹುದು, ಆದರೆ ಪಿಸ್ಟನ್ ಉಜ್ಜಿ ಓಡುವ ಸಿಲಿಂಡರಿನ ಗೋಡೆ ಸಾಮಾನ್ಯವಾಗಿ ಬೀಡು ಕಬ್ಬಿಣದ್ದು. ಇದರಲ್ಲಿ ನೂರಕ್ಕೆ ಮೂರಕ್ಕೂ ಹೆಚ್ಚು ಇಂಗಾಲವಿರುತ್ತದೆ. ಅದರ ಬಹುಪಾಲು ಗ್ರಾಫೈಟ್ ಪದರಗಳಾಗಿ ಕಬ್ಬಿಣದೊಳಗೆ ಹುದುಗಿರುತ್ತದೆ. ಪೆನ್ಸಿಲ್ಲಿನ ಕಡ್ಡಿಯಲ್ಲಿರುವುದೂ ಇದೇ ಗ್ರಾಫೈಟ್. ಅದು ತಾನೇ ಜಾರುವ ಗುಣವುಳ್ಳದ್ದು, ಎಣ್ಣೆಯನ್ನೂ ಹಿಡಿದಿಡುತ್ತದೆ, ನಡುಕವನ್ನೂ ಹೀರುತ್ತದೆ. ಲೇತಿನ ಹಾಸು ಬೀಡು ಕಬ್ಬಿಣದ್ದಾಗಿರುವುದೂ ಈ ಕಾರಣಕ್ಕೇ.

ಬೀಡು ಕಬ್ಬಿಣದ ಪಾಠಕ್ಕೆ ಭದ್ರಾವತಿಗಿಂತ ಒಳ್ಳೆಯ ಊರು ಬೇಕೆ? ಬೆಂಕಿಪುರ ಎಂದು ಕರೆಯಲ್ಪಡುತ್ತಿದ್ದ ಈ ಊರಿನಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರ ಜನವರಿಯಲ್ಲಿ ಉರಿಯತೊಡಗಿತು. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಕಲ್ಲಿದ್ದಲು ದೂರವಾದ್ದರಿಂದ ಮಲೆನಾಡಿನ ಕಾಡಿನ ಇದ್ದಿಲನ್ನೇ ಬಳಸಿದರು. ನಷ್ಟದಲ್ಲಿದ್ದ ಕಾರ್ಖಾನೆಯ ಹೊಣೆಯನ್ನು 1923ರಿಂದ 1929ರವರೆಗೆ ಹೊತ್ತವರು ಸರ್ ಎಂ. ವಿಶ್ವೇಶ್ವರಯ್ಯನವರು. ಕೈಯಲ್ಲಿರುವ ಸಾಮಗ್ರಿಯಿಂದಲೇ ಕೆಲಸ ಸಾಧಿಸುವ ಬುದ್ಧಿ ಆ ಇದ್ದಿಲ ಕುಲುಮೆಯಲ್ಲೂ ಇತ್ತು.

ಸೈಕಲ್ ಕಡ್ಡಿಯ ಅಳತೆಗಾರ

ಈ ಬುದ್ಧಿಗೆ ಜಗತ್ತಿನಲ್ಲೇ ಹೆಸರಾದವನು ನ್ಯೂಜಿಲೆಂಡಿನ ಬರ್ಟ್ ಮನ್ರೋ. ಅವನು 1920ರಲ್ಲಿ 'ಇಂಡಿಯನ್ ಸ್ಕೌಟ್' ಎಂಬ ಅಮೆರಿಕದ ಮೋಟಾರ್ ಸೈಕಲ್ ಕೊಂಡ. ಅದರ ವೇಗ ಗಂಟೆಗೆ 90 ಕಿ.ಮೀ. ಆಸುಪಾಸು. ಹಗಲು ಮಾರಾಟಗಾರನ ಕೆಲಸ, ರಾತ್ರಿ ಶೆಡ್ಡಿನಲ್ಲಿ ಎಂಜಿನ್ ಕೆಲಸ. ಹಳೆಯ ಪಿಸ್ಟನ್ನುಗಳನ್ನು ಕರಗಿಸಿ ತಗಡಿನ ಡಬ್ಬಿಗಳಲ್ಲಿ ಹೊಸದನ್ನು ಎರಕಹೊಯ್ದ. ಮೈಕ್ರೊಮೀಟರಿಗೆ ಬದಲಾಗಿ ಚಕ್ರದ ಹಳೆಯ ಕಡ್ಡಿಯೊಂದನ್ನು ಬಳಸಿದ. ಒಡೆದ ಭಾಗಗಳನ್ನು ಎಸೆಯದೆ 'ವೇಗದ ದೇವರಿಗೆ ಕಾಣಿಕೆ' ಎಂದು ಬರೆದು ಕಪಾಟಿನಲ್ಲಿ ಜೋಡಿಸಿಟ್ಟ. 1967ರಲ್ಲಿ, 68ರ ವಯಸ್ಸಿನಲ್ಲಿ, ಅಮೆರಿಕದ ಬೊನ್ನೆವಿಲ್ ಉಪ್ಪಿನ ಬಯಲಿನಲ್ಲಿ ಅದೇ ಬಂಡಿಯಿಂದ ಗಂಟೆಗೆ ಸುಮಾರು 296 ಕಿ.ಮೀ. ವೇಗದ ದಾಖಲೆ ಸ್ಥಾಪಿಸಿದ.

ಹುಡುಗರಿಗೆ ನೆನಪಾಗುವುದು ಆ 296. ನೆನಪಿಡಬೇಕಾದದ್ದು ಆ ಕಪಾಟು. ನಲವತ್ತೇಳು ವರ್ಷಗಳ ದುಡಿಮೆಯಲ್ಲಿ ಮುರಿದ ಒಂದೊಂದು ಭಾಗವೂ ಏಕೆ ಮುರಿಯಿತೆಂದು ಹೇಳುವ ಪಾಠವಾಗಿತ್ತು. ಓಡಿಸಿದ್ದು ಕೂಡ ಜನರಿಲ್ಲದ ಉಪ್ಪಿನ ಬಯಲಿನಲ್ಲಿ, ಊರ ರಸ್ತೆಯಲ್ಲಲ್ಲ.

ಪೋಷಕರಿಗೆ ಒಂದು ಮಾತು

ರಸ್ತೆಯಲ್ಲಿ ಓಡುವ ವಾಹನಕ್ಕೆ ಈ ವಿದ್ಯೆ ಸಲ್ಲದು. ತಯಾರಕರು ಕೊಟ್ಟ ರೂಪಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ. ಎಂಜಿನ್ನಿನ ಬಲ ಹೆಚ್ಚಿದರೂ ಬ್ರೇಕಿನ ಬಲ ಹಾಗೆಯೇ ಉಳಿಯುತ್ತದೆ ಎಂಬುದು ಕಾಯ್ದೆಗಿಂತ ದೊಡ್ಡ ಕಾರಣ. ತೋಟದ ಹಳೆಯ ಎಂಜಿನ್ನಿಗೂ ಎಚ್ಚರ ಬೇಕು. ಒಂದರ ಬದಲು ಮೂರು ಮಿ.ಮೀ. ತೆಗೆದರೆ ಅನುಪಾತ 7ಕ್ಕೆ ಏರಿ ಬಡಿತ ಶುರುವಾಗಬಹುದು, ಪಿಸ್ಟನ್ ತೂತಾಗಬಹುದು. ಒಂದೇ ಮಿ.ಮೀ. ತೆಗೆದ ಎಂಜಿನ್ನೂ ಮತ್ತೆ ಸೀಮೆಎಣ್ಣೆಯಲ್ಲಿ ಸರಿಯಾಗಿ ಓಡಲಾರದು. ಬಿಗಿಯುವಾಗ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಓಡಿಸಿ ನೋಡುವುದು ಬಯಲಿನಲ್ಲೇ ಆಗಬೇಕು; ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆಯೇ ಪ್ರಾಣ ತೆಗೆಯಬಲ್ಲದು.

ಇಷ್ಟು ಎಚ್ಚರವಿದ್ದರೆ ಮಗನಾಗಲಿ ಮಗಳಾಗಲಿ ಕೈ ಮಸಿ ಮಾಡಿಕೊಂಡು ಕುಳಿತಾಗ 'ಓದು ಬಿಟ್ಟು ಇದೇನು' ಎಂದು ಗದರುವ ಅಗತ್ಯವಿಲ್ಲ. ಸಿಲಿಂಡರಿನ ಗಾತ್ರ, ಅನುಪಾತ, ಶೇಕಡಾವಾರು, ಒತ್ತಡ, ದಹನ ಎಲ್ಲವೂ ಆ ಒಂದು ಎಂಜಿನ್ನಿನಲ್ಲಿದೆ. ಮೊದಲ ದಿನ ಎಂಜಿನ್ ಬಿಚ್ಚಲೇಬೇಕೆಂದಿಲ್ಲ. ಪ್ಲಗ್ ತೆಗೆದು, ಸಿರಿಂಜಿನಿಂದ ಎಣ್ಣೆ ಅಳೆದು, ಅನುಪಾತವನ್ನು ನೋಟ್ ಪುಸ್ತಕದಲ್ಲಿ ಬರೆದರೆ ಸಾಕು. ಅಳೆದ ಎಣ್ಣೆಯನ್ನು ಪೂರ್ತಿ ಹೊರತೆಗೆದ ಮೇಲೆಯೇ ಎಂಜಿನ್ ಶುರುಮಾಡಬೇಕು ಎಂಬುದನ್ನು ಮಾತ್ರ ಮರೆಯಬಾರದು.