ಕಬ್ಬಿನ ಟ್ರೇಲರ್: ಕಡಿವಾಣ ಬೀಳಬೇಕಾದದ್ದು ತೂಕದ ಕಾಟಾದಲ್ಲಿ

ಹಳೆಯ ಇಂಡಿ ತಾಲ್ಲೂಕಿನ ಧೂಳಖೇಡದ ಬಳಿ ಭೀಮಾ ನದಿ ದಾಟಿ ಕರ್ನಾಟಕವನ್ನು ಪ್ರವೇಶಿಸುವ ರಾಷ್ಟ್ರೀಯ ಹೆದ್ದಾರಿ 52, ವಿಜಯಪುರ, ಹುಬ್ಬಳ್ಳಿಗಳನ್ನು ಹಾದು, ಯಲ್ಲಾಪುರದ ದಟ್ಟ ಕಾಡಿನ ನಡುವೆ ಅರಬೈಲು ಘಟ್ಟವನ್ನಿಳಿದು ಅಂಕೋಲೆಯನ್ನು ತಲುಪುತ್ತದೆ. ಘಟ್ಟದ ಆ ಹಾದಿಯಲ್ಲಿ ಭಾರಿ ಟ್ರೇಲರ್ ಎಳೆದೊಯ್ಯುವ ಚಾಲಕ ಮೈಯೆಲ್ಲ ಕಣ್ಣಾಗಿರುತ್ತಾನೆ. ಇಳಿಜಾರು, ತಿರುವು, ಮಂಜು ಎಲ್ಲವೂ ಅವನನ್ನು ಎಚ್ಚರಿಸುತ್ತಲೇ ಇರುತ್ತವೆ. ಇದೇ ರಸ್ತೆಯ ಉತ್ತರದ ತುದಿಯಲ್ಲಿ ಕಾಡೂ ಇಲ್ಲ, ಘಟ್ಟವೂ ಇಲ್ಲ. ಎರಡೂ ಬದಿಗೆ ಕಣ್ಣು ಹಾಯುವವರೆಗೆ ಬಯಲು. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜನ ಚಳಿಗಾಲದ ರಾತ್ರಿಗಳಲ್ಲಿ ರಸ್ತೆಗಿಳಿಯಲು ಹೆದರುತ್ತಾರೆ. ಕತ್ತಲಲ್ಲಿ ಕತ್ತಲೆಯಂತೆಯೇ ಸಾಗುವ ಕಬ್ಬಿನ ಟ್ರೇಲರ್‌ಗಳೇ ಅದಕ್ಕೆ ಕಾರಣ.

ಈ ಸಮಸ್ಯೆ ಹುಟ್ಟಿದ್ದು ಬರದಿಂದಲ್ಲ, ನೀರಿನಿಂದ. ‘ಡೋಣಿ ಹರಿದರೆ ಓಣೆಲ್ಲ ಜೋಳ’ ಎಂಬುದು ಈ ಸೀಮೆಯ ಮಾತು. ಡೋಣಿ ಹೊಳೆಯ ಎರೆಮಣ್ಣಿನಲ್ಲಿ ಬೆಳೆದ ಬಿಳಿಜೋಳ ಚಕ್ಕಡಿಯಲ್ಲಿ ಮನೆಗೆ ಬರುತ್ತಿತ್ತು. ಹೆದ್ದಾರಿಗೆ ಅದರಿಂದ ತೊಂದರೆಯಿರಲಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಶಂಕುಸ್ಥಾಪನೆ ಮಾಡಿದ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳು ದಶಕಗಳ ನಂತರ ಹೊಲಗಳನ್ನು ಮುಟ್ಟಿದವು. ನಾರಾಯಣಪುರ ಎಡದಂಡೆಯಿಂದ ಇಂಡಿ ಶಾಖಾ ಕಾಲುವೆ, ಆಲಮಟ್ಟಿಯಿಂದ ಮುಳವಾಡ ಏತ ನೀರಾವರಿ ಬಂದವು. ನೀರಿನ ಹಿಂದೆ ಕಬ್ಬು, ಕಬ್ಬಿನ ಹಿಂದೆ ಕಾರ್ಖಾನೆಗಳು ಬಂದವು. ನಾಲ್ಕೂ ಸೀಮೆಗಳ ಬದುಕು ಇದರಿಂದ ಹಸನಾಗಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೊಲದಿಂದ ಕಾರ್ಖಾನೆಯ ದ್ವಾರದವರೆಗಿನ ದಾರಿಯ ಬಗ್ಗೆ ಯೋಜನೆ ರೂಪಿಸಿದವರು ಯೋಚಿಸಿದಂತೆ ಕಾಣುವುದಿಲ್ಲ.

ಆ ದಾರಿಯಲ್ಲಿ ನಡೆಯುತ್ತಿರುವುದೇನು? ಎರಡು, ಎರಡೂವರೆ ಟನ್ ತೂಗುವ ಟ್ರ್ಯಾಕ್ಟರಿಗೆ ಒಂದರ ಹಿಂದೊಂದು ಎರಡು ಟ್ರೇಲರ್ ಕಟ್ಟಿ, ಅದರ ತೂಕದ ಎಷ್ಟೋ ಪಟ್ಟು ಕಬ್ಬನ್ನು ಹೇರಲಾಗುತ್ತದೆ. ಬಹುಪಾಲು ಟ್ರೇಲರ್‌ಗಳಿಗೆ ತಮ್ಮದೇ ಬ್ರೇಕ್ ಇಲ್ಲ. ನಿಲ್ಲಿಸುವ ಹೊಣೆಯೆಲ್ಲ ಮುಂದಿನ ಟ್ರ್ಯಾಕ್ಟರಿನದು. ಹಿಂದೆ ದೀಪವಿರುವುದಿಲ್ಲ, ಇದ್ದ ರೇಡಿಯಂ ಪಟ್ಟಿಯನ್ನು ಇಳಿಬಿದ್ದ ಕಬ್ಬಿನ ಗರಿ ಮುಚ್ಚಿರುತ್ತದೆ. ಚಾಲಕನ ಪಕ್ಕದಲ್ಲಿ ಅಬ್ಬರಿಸುವ ಹಾಡಿನಿಂದಾಗಿ ಹಿಂದಿನವರ ಹಾರ್ನ್ ಅವನಿಗೆ ಕೇಳಿಸದು. ಟಯರ್ ಸಿಡಿದರೆ ಗಾಡಿ ರಸ್ತೆಯಲ್ಲೇ ನಿಲ್ಲುತ್ತದೆ, ಸುತ್ತ ನಾಲ್ಕು ಕಲ್ಲು ಬೀಳುತ್ತವೆ. ಗಾಡಿ ಹೋದರೂ ಕಲ್ಲುಗಳು ಅಲ್ಲೇ ಉಳಿಯುತ್ತವೆ.

ಗಂಟೆಗೆ 60 ಕಿಲೋಮೀಟರ್ ವೇಗದ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಎದುರಿನ ವಾಹನದ ಪ್ರಖರ ಬೆಳಕು ಕಣ್ಣಿಗೆ ಹೊಡೆಯುವಾಗ ಸವಾರನಿಗೆ ಕಾಣುವುದು ಮೂವತ್ತು, ನಲವತ್ತು ಮೀಟರ್. ಅಂದರೆ ದೀಪವಿಲ್ಲದ ಟ್ರೇಲರ್ ಕಣ್ಣಿಗೆ ಬಿದ್ದ ಮೇಲೆ ಅವನಿಗಿರುವ ಕಾಲಾವಕಾಶ ಎರಡು ಸೆಕೆಂಡ್ ಮಾತ್ರ. ಪ್ರತಿ ಹಂಗಾಮಿನಲ್ಲೂ ಈ ಎರಡು ಸೆಕೆಂಡುಗಳು ಯಾವುದೋ ಊರಿನ ಯಾವುದೋ ಮನೆಯ ದುಡಿಯುವ ಕೈಯನ್ನು ಕಸಿಯುತ್ತವೆ. ಪತ್ರಿಕೆಯಲ್ಲಿ ಅದು ನಾಲ್ಕು ಸಾಲಿನ ಸುದ್ದಿಯಾಗುತ್ತದೆ. ಕಾರಣದ ಜಾಗದಲ್ಲಿ ‘ಅತಿವೇಗ’ ಎಂದಿರುತ್ತದೆ.

ಇದಕ್ಕೆ ಕಾನೂನಿಲ್ಲವೇ? ಧಾರಾಳವಾಗಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಹೇರಿದ ಸರಕು ವಾಹನದ ಬದಿಯಿಂದ ಹೊರಚಾಚಿದರೆ 20 ಸಾವಿರ ರೂಪಾಯಿ ದಂಡ. ವಾಹನದ ಹಿಂಬದಿಗೆ ಕೆಂಪು ಪ್ರತಿಫಲಕ ಕಡ್ಡಾಯ. ಆದರೆ ಕೃಷಿ ಟ್ರ್ಯಾಕ್ಟರನ್ನು ನಮ್ಮ ನಿಯಮಾವಳಿ ‘ಸಾರಿಗೆಯೇತರ ವಾಹನ’ವೆಂದು ಪರಿಗಣಿಸುತ್ತದೆ. ಹೊಲ ಉಳುವ ರೈತನಿಗೆ ಈ ರಿಯಾಯಿತಿ ನ್ಯಾಯವಾದದ್ದೇ. ಹಂಗಾಮು ಪೂರ್ತಿ ಬಾಡಿಗೆಗೆ ಹೆದ್ದಾರಿಯಲ್ಲಿ ಓಡುವ ಟ್ರ್ಯಾಕ್ಟರಿಗೂ ಅದೇ ಸಡಿಲಿಕೆ ಸಿಗುವುದು ನ್ಯಾಯವೇ?

ಕಾಡಿನ ಹೆದ್ದಾರಿಯ ಒಂದು ಉದಾಹರಣೆ ಇಲ್ಲಿ ಪ್ರಸ್ತುತ. ಬಂಡೀಪುರದ ಮೂಲಕ ಹಾದುಹೋಗುವ ಇಂದಿನ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧಿಸಲಾಯಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ನಿಷೇಧಕ್ಕೆ ಆಧಾರವಾದದ್ದು ಮೋಟಾರು ವಾಹನ ಕಾಯ್ದೆಯ 115ನೇ ಕಲಂ. ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ನಿರ್ದಿಷ್ಟ ರಸ್ತೆ ಅಥವಾ ಪ್ರದೇಶದಲ್ಲಿ ಟ್ರೇಲರ್‌ಗಳ ಬಳಕೆಯನ್ನು ನಿರ್ಬಂಧಿಸಬಹುದೆಂದು ಅದೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಜಿಂಕೆ, ಆನೆಗಳಿಗಾಗಿ ರಸ್ತೆಯನ್ನೇ ಮುಚ್ಚುವ ವಿವೇಕ ತೋರಿದ ರಾಜ್ಯ, ಬಯಲುಸೀಮೆಯ ಮನುಷ್ಯರಿಗಾಗಿ ಒಂದು ಕೆಂಪು ದೀಪವನ್ನಾದರೂ ಹಚ್ಚಿಸಬಾರದೇ?

ಹಂಗಾಮಿಗೆ ಮುನ್ನ ಅಧಿಕಾರಿಗಳು ಸಭೆ ಸೇರುವುದು, ಪ್ರತಿಫಲಕ ಅಂಟಿಸಬೇಕೆಂದು ಠರಾವಾಗುವುದು, ಪೊಲೀಸರು ಒಂದೆರಡು ದಿನ ರಸ್ತೆಗಿಳಿದು ಪಟ್ಟಿ ಅಂಟಿಸುವುದು ವಾಡಿಕೆ. ಸೇವೆಯಲ್ಲಿದ್ದಾಗ ಇಂತಹ ಸಭೆಗಳಲ್ಲಿ ನಾನೂ ಕುಳಿತಿದ್ದೇನೆ. ಅಲ್ಲಿ ಯಾರ ಸದುದ್ದೇಶವನ್ನೂ ಶಂಕಿಸುವಂತಿರಲಿಲ್ಲ. ಆದರೆ ಹೊಣೆಯನ್ನು ಹೊರಿಸುತ್ತಿದ್ದುದು ಸದಾ ಚಾಲಕನ ಮೇಲೆ. ಅವನಿಗೆ ಸಿಗುವುದು ಟನ್ ಲೆಕ್ಕದ ದುಡ್ಡು. ಎರಡನೆಯ ಟ್ರೇಲರ್ ಕಟ್ಟಿದರೆ ಒಂದೇ ಡೀಸೆಲ್‌ನಲ್ಲಿ ಹೆಚ್ಚುಕಡಿಮೆ ಎರಡು ಖೇಪು. ಕಡಿದ ಕಬ್ಬು ಒಣಗಿದಷ್ಟೂ ತೂಕ, ಸಕ್ಕರೆ ಎರಡೂ ಇಳಿಯುವುದರಿಂದ ರಾತ್ರಿ ಹಗಲೆನ್ನದೆ ಓಡಬೇಕು. ಇಂತಹ ಲೆಕ್ಕಾಚಾರದೊಳಗೆ ಸಿಕ್ಕವನಿಗೆ ಉಪದೇಶ ಮಾಡಿ ಫಲವೇನು?

ಅಪಘಾತದ ಹೊಣೆಯನ್ನು, ಅತಿ ಕಡಿಮೆ ವೆಚ್ಚದಲ್ಲಿ ಅದನ್ನು ತಪ್ಪಿಸಬಲ್ಲವರ ಮೇಲೆ ಇರಿಸಬೇಕೆಂಬ ವಾದವನ್ನು ಅಮೆರಿಕದ ಕಾನೂನು ವಿದ್ವಾಂಸ ಗಿಡೊ ಕಾಲಬ್ರೆಸಿ 1970ರಲ್ಲಿ ಮುಂದಿಟ್ಟರು. ನಮ್ಮ ಸಂದರ್ಭದಲ್ಲಿ ಹಾಗೆ ತಪ್ಪಿಸಬಲ್ಲವರು ಯಾರು? ನೂರಾರು ಹಳ್ಳಿಗಳಿಂದ ನೂರಾರು ದಾರಿಗಳಲ್ಲಿ ಬರುವ ಟ್ರ್ಯಾಕ್ಟರುಗಳನ್ನು ತಡೆದು ಪರೀಕ್ಷಿಸುವಷ್ಟು ಪೊಲೀಸರು ಯಾವ ಜಿಲ್ಲೆಯಲ್ಲೂ ಇಲ್ಲ. ಆದರೆ ಆ ಎಲ್ಲ ಟ್ರ್ಯಾಕ್ಟರುಗಳೂ ತಪ್ಪದೆ ಹಾಯಲೇಬೇಕಾದ ಒಂದು ಜಾಗವಿದೆ: ಕಾರ್ಖಾನೆಯ ತೂಕದ ಕಾಟಾ. ಅಲ್ಲಿ ಪ್ರತಿ ಗಾಡಿಯ ಸಂಖ್ಯೆ, ತೂಕ, ಸಮಯ ದಾಖಲಾಗುತ್ತದೆ. ಸಾಗಣೆಯ ಒಪ್ಪಂದ ಮಾಡಿಕೊಳ್ಳುವುದೂ ಸಾಮಾನ್ಯವಾಗಿ ಕಾರ್ಖಾನೆಯೇ.

ಆದ್ದರಿಂದ ನನ್ನ ಸಲಹೆ ಸರಳವಾದದ್ದು. ಹಿಂಬದಿಯಲ್ಲಿ ಉರಿಯುವ ದೀಪ, ಕಬ್ಬಿನ ಗರಿ ಮುಚ್ಚದಂತೆ ಕಟ್ಟಿದ ಪ್ರತಿಫಲಕದ ಹಲಗೆ, ಬದಿಗೆ ಚಾಚದ ಹೇರು, ಈ ಮೂರೂ ಇಲ್ಲದ ಗಾಡಿಯನ್ನು ಹಂಗಾಮು ಆರಂಭವಾಗಿ ಒಂದು ವಾರದ ನಂತರ ಸಾಗಣೆಯ ಪಟ್ಟಿಯಿಂದ ಕೈಬಿಡಬೇಕು. ಕಬ್ಬು ನುರಿಸಲು ನೀಡುವ ಅನುಮತಿಯಲ್ಲೇ ಇದೊಂದು ಷರತ್ತಾಗಬೇಕು. ಷರತ್ತು ಮುರಿದ ಗಾಡಿಯಿಂದ ಸಾವು ಸಂಭವಿಸಿದರೆ ಪರಿಹಾರದಲ್ಲಿ ಕಾರ್ಖಾನೆಗೂ ಪಾಲಿರಬೇಕು. ಟ್ರೇಲರ್‌ಗೆ ಬ್ರೇಕ್ ಅಳವಡಿಸಲು ಎರಡು ಹಂಗಾಮುಗಳ ಗಡುವು ಸಾಕು.

ಎರಡನೆಯ ಟ್ರೇಲರನ್ನು ಪೂರ್ತಿ ನಿಷೇಧಿಸಬೇಕೆನ್ನುವವರೂ ಇದ್ದಾರೆ. ಅವರ ಕಳಕಳಿ ಅರ್ಥವಾಗುತ್ತದೆ. ಆದರೆ ನಿಷೇಧದಿಂದ ಖೇಪುಗಳು ಇಮ್ಮಡಿಯಾಗಿ, ಸಾಗಣೆ ವೆಚ್ಚ ಏರಿ, ಕೊನೆಗೆ ಅದು ಕಡಿತವಾಗುವುದು ರೈತನ ಬಿಲ್ಲಿನಲ್ಲೇ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ನ್ಯಾಯಸಮ್ಮತ ದರ, ಶೇ 10.25ರ ಇಳುವರಿಗೆ, ಟನ್ನಿಗೆ 3,550 ರೂಪಾಯಿ. ಕಟಾವು ಮತ್ತು ಸಾಗಣೆಯ ಖರ್ಚು ಕಳೆದು ಕೈಗೆ ಬರುವುದೆಷ್ಟು ಎಂಬ ಜಗಳ 2025ರ ನವೆಂಬರಿನಲ್ಲಿ ರೈತರನ್ನು ಬೀದಿಗಿಳಿಸಿತ್ತು. ಅವನ ಮೇಲೆ ಹೊಸ ಹೊರೆ ಹೊರಿಸುವ ಮೊದಲು, ಹೊರೆಯಿಲ್ಲದ ದಾರಿಯನ್ನು ನಿಷ್ಠೆಯಿಂದ ಪ್ರಯತ್ನಿಸಿ ನೋಡಬೇಕು. ಒಂದು ಗಾಡಿಗೆ ದೀಪ, ಪ್ರತಿಫಲಕ ಕಟ್ಟುವ ಖರ್ಚು ಒಂದೆರಡು ಟನ್ ಕಬ್ಬಿನ ಬೆಲೆಯನ್ನು ಮೀರದು. ಹಾಗೆಯೇ, ಕಡಿಯುವ ಕೂಲಿಕಾರರು ಮಕ್ಕಳುಮರಿಗಳೊಂದಿಗೆ ಇದೇ ಟ್ರೇಲರ್‌ಗಳಲ್ಲಿ ಊರಿಂದೂರಿಗೆ ಹೋಗುವವರೆಂಬುದನ್ನೂ ಮರೆಯಬಾರದು. ಆ ದೀಪ ಅವರನ್ನೂ ಕಾಯುತ್ತದೆ.

ಚಕ್ಕಡಿಯ ಕಾಲದಲ್ಲಿ ರಾತ್ರಿ ದಾರಿ ಹಿಡಿದ ರೈತ ಗಾಡಿಯ ಕೆಳಗೆ ಒಂದು ಕಂದೀಲು ತೂಗುಬಿಡುತ್ತಿದ್ದ. ಎತ್ತಿನ ನಡಿಗೆಯ ಕಾಲಕ್ಕೇ ಅಗತ್ಯವೆನಿಸಿದ್ದ ಆ ಬೆಳಕು ಟ್ರ್ಯಾಕ್ಟರಿನ ಕಾಲಕ್ಕೆ ಅನಗತ್ಯವಾದದ್ದು ಹೇಗೆ? ಮುಂದಿನ ಹಂಗಾಮಿನ ಸಭೆಯ ಠರಾವಿನಲ್ಲಿ ಚಾಲಕರಿಗೆ ತಿಳಿವಳಿಕೆ ನೀಡಬೇಕೆಂಬ ಹಳೆಯ ಸಾಲಿನ ಜತೆಗೆ, ಕಾಟಾದಲ್ಲಿ ತಡೆಯಬೇಕೆಂಬ ಹೊಸ ಸಾಲೊಂದು ಸೇರಲಿ.