ಕೋಲದ ಸ್ಯಾಕ್ಸೋಫೋನೂ ಜರ್ಮನಿಯ ಮೈಕೂ

ನಮ್ಮ ಬಾರ್ಕೂರಿನ ಕಡೆ ಸ್ಯಾಕ್ಸೋಫೋನ್ ಅಂದರೆ ಯಾರೂ ಜಾಝ್ ಅಂದುಕೊಳ್ಳುವುದಿಲ್ಲ. ಅದು ಮದುವೆಯ ವಾದ್ಯ, ತೇರಿನ ವಾದ್ಯ, ಕೋಲದ ವಾದ್ಯ. ದೀಪಾವಳಿ ಕಳೆದ ಮೇಲೆ ಶುರುವಾದರೆ ಪತ್ತನಾಜೆಯವರೆಗೆ ರಾತ್ರಿ ಎಲ್ಲೋ ಒಂದು ಕಡೆಯಿಂದ ಡೋಲು, ತಾಸೆಯ ಜೊತೆ ಅದರ ಕೂಗು ಗದ್ದೆ ದಾಟಿಕೊಂಡು ಬರುತ್ತಲೇ ಇರುತ್ತದೆ. ಹಿಂದೆ ನಾಗಸ್ವರ ಇದ್ದ ಜಾಗದಲ್ಲಿ ಈಗ ಹಿತ್ತಾಳೆಯ ಈ ವಿದೇಶಿ ಕೊಳವೆ ಆರಾಮಾಗಿ ಕೂತಿದೆ. ನಮ್ಮ ಮಕ್ಕಳಿಗೆ ಅದು ವಿದೇಶಿ ಅಂತ ಹೇಳಿದರೆ ನಗಬಹುದು!

ಇಷ್ಟೆಲ್ಲ ಯಾಕೆ ನೆನಪಾಯ್ತು ಅಂದರೆ, ಮೊನ್ನೆ ರಾತ್ರಿ 'ಜ್ಯೋತಿ' ಅನ್ನುವ ಹಳೇ ಆಲ್ಬಂ ಮತ್ತೆ ಕೇಳುತ್ತಿದ್ದೆ. 1983ರದ್ದು. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ಜೊತೆಗೆ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ. ಮಣಿಯವರದು ಮೃದಂಗ, ಆರ್.ಎ. ರಾಜಗೋಪಾಲ್ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಖಂಜಿರ, ಆರ್.ಎ. ರಮಾಮಣಿಯವರ ಹಾಡುಗಾರಿಕೆ.

ಇದನ್ನು ಎಲ್ಲರೂ 'ಫ್ಯೂಷನ್' ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಆ ಪದ ಕಂಡರೆ ಆಗುವುದಿಲ್ಲ. ಫ್ಯೂಷನ್ ಅಂದರೆ ಸಾಮಾನ್ಯವಾಗಿ ಇವರು ಸ್ವಲ್ಪ, ಅವರು ಸ್ವಲ್ಪ, ಕೊನೆಗೆ ಎಲ್ಲರೂ ಸೇರಿ ಜೋರಾಗಿ. ಇಲ್ಲಿ ಹಾಗಿಲ್ಲ. ಆಲ್ಬಂ ಶುರುವಾಗುವುದೇ ರಮಾಮಣಿಯವರ ಒಂಟಿ ಧ್ವನಿಯಿಂದ. ಮರಿಯಾನೋ ಸಾಮಾನ್ಯ ಆಸಾಮಿಯಲ್ಲ, 1963ರಲ್ಲೇ ಚಾರ್ಲ್ಸ್ ಮಿಂಗಸ್‌ನ ದೊಡ್ಡ ಆಲ್ಬಂ ಒಂದರಲ್ಲಿ ನುಡಿಸಿದವರು. ಮಲೇಷ್ಯಾದಲ್ಲಿದ್ದಾಗ ನಾಗಸ್ವರ ಕೇಳಿ ಮರುಳಾಗಿ, ಆಮೇಲೆ ದಕ್ಷಿಣ ಭಾರತಕ್ಕೆ ಬಂದು ಅದನ್ನು ಕಲಿತವರು. ಹಾಗಾಗಿ ಅವರು ಇಲ್ಲಿ ಅತಿಥಿಯಂತೆ ಮೆರೆಯುವುದಿಲ್ಲ, ಪಕ್ಕದ ಮನೆಯವರಂತೆ ಬಂದು ಜಗಲಿಯಲ್ಲಿ ಕೂರುತ್ತಾರೆ. ಎಲ್ಲಿ ಸುಮ್ಮನಿರಬೇಕು ಅಂತ ಅವರಿಗೆ ಗೊತ್ತು.

ಆದರೆ ನನ್ನನ್ನು ಕಾಡಿದ್ದು ಬೇರೆಯೇ ಸಂಗತಿ. ಬೆಂಗಳೂರಿನ ತಂಡದ ಈ ಧ್ವನಿಮುದ್ರಣ ನಡೆದದ್ದು ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಊರಿನ ಸ್ಟುಡಿಯೋದಲ್ಲಿ. ಹೊರತಂದದ್ದು ಅಲ್ಲಿಯದೇ ಇಸಿಎಂ ಕಂಪೆನಿ. ಅದಕ್ಕೂ ಒಂದು ವರ್ಷ ಮೊದಲು, 1982ರಲ್ಲಿ, ಇದೇ ತಂಡ 'ಜರ್ಮನಿಸ್ತಾನ್' ಅನ್ನುವ ಆಲ್ಬಂನಲ್ಲಿ ನುಡಿಸಿತ್ತು. ಅದು ಡಿಸಿಡೆಂಟನ್ ಅನ್ನುವ ಜರ್ಮನ್ ತಂಡದ್ದು. ಅಂದರೆ ನಮ್ಮ ಲಯವಾದ್ಯದವರು ಜಾಝ್‌ನವರ ಜೊತೆ ಮಾಡಿದ ಈ ಹುಡುಕಾಟ ಇವತ್ತು ನಮ್ಮ ಕಿವಿಗೆ ಬೀಳುತ್ತಿರುವುದು ಯಾರೋ ಜರ್ಮನ್ನರು ಮೈಕ್ ಇಟ್ಟಿದ್ದರಿಂದ. ಮರಿಯಾನೋ 2009ರಲ್ಲಿ ಹೋದರು, ಮಣಿಯವರು 2020ರಲ್ಲಿ. ಮೈಕ್ ಇಟ್ಟಿದ್ದಷ್ಟು ಉಳಿದಿದೆ.

ಇನ್ನೊಂದು ಉದಾಹರಣೆ ಹೇಳುತ್ತೇನೆ, ಇದು ಶಿಕಾಗೋದ್ದು. ಆರ್ಟ್ ಎನ್ಸೆಂಬಲ್ ಆಫ್ ಶಿಕಾಗೋ ಅಂತ ಫ್ರೀ ಜಾಝ್ ತಂಡ. 1967ರಲ್ಲಿ ಅದಕ್ಕೆ ಆ ಹೆಸರೂ ಇರಲಿಲ್ಲ. ಡ್ರಮ್ ನುಡಿಸುತ್ತಿದ್ದ ಫಿಲಿಪ್ ವಿಲ್ಸನ್ ಬೇರೆ ಬ್ಯಾಂಡಿಗೆ ಹೊರಟುಹೋದ. ಉಳಿದವರು ಏನು ಮಾಡಿದರು? ಗಂಟೆ, ಸೀಟಿ, ಸೈಕಲ್ ಹಾರ್ನ್, ಜಾಗಟೆ... ಸಿಕ್ಕಿದ್ದನ್ನೆಲ್ಲ ತಾವೇ ಬಾರಿಸತೊಡಗಿದರು. ಮುಂದೆ ಆ ಚಿಲ್ಲರೆ ವಾದ್ಯಗಳೇ ತಂಡದ ಗುರುತಾದವು. ಮುಂದೆ ಅವರಲ್ಲಿ ಕೆಲವರು ಮುಖಕ್ಕೆ ಬಣ್ಣ ಬಳಿದುಕೊಂಡೂ ನುಡಿಸಿದರು (ಆಟ ನೋಡಿ ಬೆಳೆದ ನಮಗೆ ಇದೇನು ಹೊಸತೇ?). ಚಕ್ ನೆಸ್ಸಾ ಅನ್ನುವವರು ತಮ್ಮ ಪುಟ್ಟ ಕಂಪೆನಿಗಾಗಿ ಆ ದಿನಗಳ ಸಂಗೀತ ರೆಕಾರ್ಡ್ ಮಾಡಿದರು. 1993ರಲ್ಲಿ ಅದೆಲ್ಲ ಅಭ್ಯಾಸದ ಟೇಪುಗಳ ಸಮೇತ 5 ಸೀಡಿಗಳಾಗಿ ಬಂತು. ಕೇಳುತ್ತಾ ಹೋದರೆ ಕೆಲವು ಕಡೆ ಬೇಸರವೇ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ತಂಡ ಕತ್ತಲಲ್ಲಿ ತಡಕಾಡುತ್ತಾ ತನ್ನ ದನಿ ಕಂಡುಕೊಳ್ಳುವುದು ಹೇಗೆ ಅಂತ ಗೊತ್ತಾಗುವುದು ಅಲ್ಲೇ. ಹೆಸರು ಬಂದ ಮೇಲಿನ ನುಣುಪಾದ ರೆಕಾರ್ಡುಗಳಲ್ಲಿ ಅದು ಸಿಗುವುದಿಲ್ಲ.

ಈಗ ವಾಪಸ್ ಊರಿಗೆ. ಕೋಲದಲ್ಲಿ ಸ್ಯಾಕ್ಸೋಫೋನ್ ನುಡಿಸುವವರನ್ನು ಯಾವತ್ತಾದರೂ ಗಮನವಿಟ್ಟು ಕೇಳಿದ್ದೀರಾ? ನಾಲ್ಕೈದು ಸ್ವರಗಳ ಸುತ್ತಲೇ ಗಿರಕಿ ಹೊಡೆಯುತ್ತಾ, ಗಗ್ಗರದ ಹೆಜ್ಜೆ ನೋಡಿಕೊಂಡು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಕಣ್ಣು ಹೆಜ್ಜೆಯ ಮೇಲೆ, ಬೆರಳು ಕೀಲಿಯ ಮೇಲೆ. ಏರಿ ಏರಿ ಇನ್ನೇನು ಒಡೆಯಿತು ಅನ್ನುವಷ್ಟರಲ್ಲಿ ನುಡಿ ಶುರು, ವಾದ್ಯ ಗಪ್‌ಚಿಪ್. ಆ ಮೌನ ಕೇಳಲಿಕ್ಕಾದರೂ ಹೋಗಬೇಕು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನನ್ನು ಕಛೇರಿಗೆ ತಂದರು, 2008ರ 'ಕಿನ್ಸ್‌ಮೆನ್' ಆಲ್ಬಂನಲ್ಲಿ ರುದ್ರೇಶ್ ಮಹಂತಪ್ಪನ ಜೊತೆ ಜಾಝ್‌ಗೂ ಕೊಂಡೊಯ್ದರು, 2019ರಲ್ಲಿ ತೀರಿಕೊಂಡರು. ಅವರದ್ದೇನೋ ದಾಖಲಾಗಿದೆ. ಅಂಗಳದಲ್ಲಿ ಬೆಳಗಿನವರೆಗೆ ನುಡಿಸುವವರದ್ದು?

ಒಮ್ಮೆ ನಾನು ಫೋನು ಹಿಡಿದು ವಾದ್ಯದವರ ಪಕ್ಕ ಕೂತಿದ್ದೆ. ಹಿರಿಯರೊಬ್ಬರು, "ಎಂತ ಮಾರಾಯಾ, ಎಲ್ಲ ದೈವದ್ ಫೋಟೋ ತೆಗಿತ್ರ್, ನೀ ಎಂತಕ್ಕೆ ಇವ್ರ್ ಹತ್ರ ಕೂತ್ಕಂಡದ್?" ಅಂದರು. ವಾದ್ಯದವರೂ ನಕ್ಕರು. ತಾವು ನುಡಿಸುವುದನ್ನು ಕೇಳಲಿಕ್ಕೇ ಒಬ್ಬ ಬಂದು ಕೂರಬಹುದು ಅನ್ನುವುದು ಅವರಿಗೇ ತಮಾಷೆಯಾಗಿ ಕಂಡಿತೋ ಏನೋ. ಆ ನಗು ನನಗೆ ಇವತ್ತಿಗೂ ಸ್ವಲ್ಪ ಚುಚ್ಚುತ್ತದೆ.

ಕೋಲ ಆರಾಧನೆ, ಪ್ರದರ್ಶನವಲ್ಲ, ರೆಕಾರ್ಡ್ ಮಾಡುವುದೇ ತಪ್ಪು ಅಂತ ಹೇಳುವವರಿದ್ದಾರೆ. 2022ರಲ್ಲಿ 'ಕಾಂತಾರ' ಬಂದ ಮೇಲೆ ಎಲ್ಲಿ ನೋಡಿದರೂ ದೈವದ ವೀಡಿಯೋ ತುಣುಕುಗಳೇ ಆದಾಗ ಆ ಬೇಸರ ನನಗೂ ಆಗಿದೆ. ಅವರ ಮಾತನ್ನು ತಳ್ಳಿಹಾಕುವುದಿಲ್ಲ. ಅಂಗಳದಲ್ಲಿ ಬೇಡ ಅಂದರೆ ಬೇಡ. ಆದರೆ ಅದೇ ವಾದ್ಯದವರು ಮನೆಯಲ್ಲಿ ಅಭ್ಯಾಸ ಮಾಡುತ್ತಾರೆ, ಮಗನಿಗೆ ಕಲಿಸುತ್ತಾರೆ, ಮದುವೆ ಮಂಟಪದಲ್ಲಿ ನುಡಿಸುತ್ತಾರೆ. ಅವರನ್ನು ಕೇಳಿ, ಒಪ್ಪಿದರೆ ಒಂದು ಗಂಟೆ ಕತ್ತರಿ ಹಾಕದೆ ರೆಕಾರ್ಡ್ ಮಾಡಿ, ಅವರು ಬೇಡವೆನ್ನದಿದ್ದರೆ ಹೆಸರು, ಊರು, ತಾರೀಖು ಬರೆದಿಡಿ, ಕೈಲಾದಷ್ಟು ದುಡ್ಡನ್ನೂ ಕೊಡಿ. ಮೂವತ್ತು ಸೆಕೆಂಡಿನ ತುಣುಕು ಮಾತ್ರ ಬೇಡ.

ನೆಸ್ಸಾ ಹತ್ತಿರ ಸ್ಟುಡಿಯೋ ಬಾಡಿಗೆಗೆ ದುಡ್ಡು ಬೇಕಿತ್ತು, ಟೇಪು ಬೇಕಿತ್ತು. ನಮ್ಮ ಕಿಸೆಯಲ್ಲಿ ಎಲ್ಲ ಇದೆ. ಇನ್ನೊಬ್ಬ ಜರ್ಮನ್ ಬರಲಿ ಅಂತ ಕಾಯುವುದು ನ್ಯಾಯವಾ?

ನಿಮ್ಮ ಊರಿನ ವಾದ್ಯದವರ ಕಥೆ ಏನು? ಬರೀರಿ, ಓದಲಿಕ್ಕೆ ನಾನಿದ್ದೇನೆ.